ನಾಲ್ಕು ಕೀಲಿ, ಎರಡು ಚಕ್ರ, ಒಂದು ದಿಬ್ಬ: ಬೈಕ್ ಸ್ಟಂಟ್ ಆಟಗಳು ಇಷ್ಟೊಂದು ಕಷ್ಟವೇಕೆ?

ಆಕ್ಸಿಲರೇಟರ್, ಬ್ರೇಕ್, ಮುಂದೆ ಬಾಗುವುದು, ಹಿಂದೆ ಬಾಗುವುದು ಎಂಬ ನಾಲ್ಕು ಕೀಲಿಗಳಿಂದ ಪರದೆಯ ಮೇಲಿನ ಬೈಕನ್ನು ದಿಬ್ಬ ದಾಟಿಸುವ ಬೈಕ್ ಸ್ಟಂಟ್ ಆಟ ಆಡಿದವರೆಲ್ಲರ ದೂರು ಒಂದೇ: ಆಟ ಮೋಸ ಮಾಡುತ್ತದೆ. ಆಕ್ಸಿಲರೇಟರ್ ಒತ್ತಿದರೆ ಬೈಕ್ ಮುಂದೆ ಹೋಗುವ ಬದಲು ಹಿಂದಕ್ಕೆ ಮಗುಚುತ್ತದೆ. ಬ್ರೇಕ್ ಹಿಡಿದರೆ ನಿಲ್ಲುವ ಬದಲು ಮುಗ್ಗರಿಸುತ್ತದೆ. ನಿನ್ನೆ ದಾಟಿದ ದಿಬ್ಬವನ್ನು ಇಂದು ಹಾಗೆಯೇ ಏರಿದರೂ ಸವಾರನ ತಲೆ ನೆಲಕ್ಕೆ ಬಡಿಯುತ್ತದೆ. ಶಿವಮೊಗ್ಗದಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಹೇಳಿಕೊಡುವ ನನಗೆ ಈ ದೂರು ಕೇಳಿದಾಗಲೆಲ್ಲ ಸಂತೋಷವಾಗುತ್ತದೆ. ದೂರುವ ವಿದ್ಯಾರ್ಥಿ ಆಗಲೇ ಅರ್ಧ ಪಾಠವನ್ನು ಬೆರಳ ತುದಿಯಲ್ಲಿ ಕಲಿತಿರುತ್ತಾನೆ. ಈ ಆಟಗಳೊಳಗೆ ‘ಇಲ್ಲಿ ಬೈಕ್ ಬೀಳಲಿ’ ಎಂದು ಯಾರೂ ಬರೆದಿಟ್ಟಿರುವುದಿಲ್ಲ. ಅಲ್ಲಿರುವುದು ತೂಕ, ಬಲ, ಘರ್ಷಣೆ, ಸ್ಪ್ರಿಂಗು. ಬೀಳುವುದೂ ಏಳುವುದೂ ಆ ಲೆಕ್ಕದಿಂದ ತಾನಾಗಿ ಹುಟ್ಟುತ್ತದೆ. ಕಷ್ಟದ ಬೇರು ಇರುವುದು ಅಲ್ಲಿಯೇ.

ಬೇರೆ ಆಟಗಳಲ್ಲಿ ಕೀಲಿ ಒತ್ತಿದರೆ ಪಾತ್ರ ಜಿಗಿಯುತ್ತದೆ. ಎಷ್ಟು ಎತ್ತರ, ಎಷ್ಟು ಹೊತ್ತು ಎಂಬುದನ್ನು ಆಟ ಮಾಡಿದವರು ಮೊದಲೇ ತೀರ್ಮಾನಿಸಿರುತ್ತಾರೆ. ಇಲ್ಲಿ ಕೀಲಿ ಒತ್ತಿದರೆ ಹಿಂದಿನ ಚಕ್ರಕ್ಕೆ ಒಂದಿಷ್ಟು ತಿರುಚು ಬಲ ಸಿಗುತ್ತದೆ, ಅಷ್ಟೇ. ಆ ಬಲದಿಂದ ಮುಂದೇನಾಗುತ್ತದೆ ಎಂಬುದು ಆ ಕ್ಷಣದಲ್ಲಿ ಬೈಕ್ ಎಷ್ಟು ವಾಲಿದೆ, ಚಕ್ರ ಎಷ್ಟು ವೇಗವಾಗಿ ಸುತ್ತುತ್ತಿದೆ, ಸ್ಪ್ರಿಂಗ್ ಎಷ್ಟು ಅದುಮಿದೆ ಎಂಬುದನ್ನೆಲ್ಲ ಅವಲಂಬಿಸಿದೆ. ನಾವು ಬೈಕನ್ನು ನಡೆಸುತ್ತಿಲ್ಲ, ಬೈಕಿನ ಮೇಲಿನ ಬಲಗಳನ್ನು ಬದಲಿಸುತ್ತಿದ್ದೇವೆ. ಈ ಎರಡರ ನಡುವಿನ ಅಂತರ ಕೈಗೆ ತಿಳಿಯುವವರೆಗೂ ಆಟ ಅನ್ಯಾಯದಂತೆ ಕಾಣುತ್ತದೆ.

ಈ ಬಗೆಯ ಆಟಕ್ಕೆ ಈಗ ಕಾಲು ಶತಮಾನ ದಾಟಿದೆ. ಹಂಗೇರಿಯ ಬಾಲಾಜ್ ರೋಝಾ 1997ರಲ್ಲಿ ‘ಆಕ್ಷನ್ ಸೂಪರ್‌ಕ್ರಾಸ್’ ತಂದರು. ಅದನ್ನೇ ಬೆಳೆಸಿ 2000ದಲ್ಲಿ ‘ಎಲಾಸ್ಟೊ ಮೇನಿಯಾ’ ಮಾಡಿದರು. ಸೇಬುಗಳನ್ನೆಲ್ಲ ಮುಟ್ಟಿ ಕೊನೆಗೆ ಹೂವನ್ನು ಮುಟ್ಟಬೇಕು, ತಲೆ ಎಲ್ಲಿಗೂ ತಾಗಬಾರದು, ನಿಯಮ ಇಷ್ಟೇ. ಫಿನ್ಲೆಂಡಿನ ರೆಡ್‌ಲಿಂಕ್ಸ್ ಸಂಸ್ಥೆ ‘ಟ್ರಯಲ್ಸ್’ ಸರಣಿಯನ್ನು ಕಟ್ಟಿತು. 2009ರ ‘ಟ್ರಯಲ್ಸ್ ಎಚ್‌ಡಿ’ ಅದನ್ನು ಲೋಕಕ್ಕೆಲ್ಲ ಪರಿಚಯಿಸಿತು, 2011ರಲ್ಲಿ ಯೂಬಿಸಾಫ್ಟ್ ಆ ಸಂಸ್ಥೆಯನ್ನೇ ಕೊಂಡಿತು. ನಮ್ಮ ಊರುಗಳಲ್ಲಿ ಹೆಚ್ಚು ಜನರ ಕೈಗೆ ಸಿಕ್ಕಿದ್ದು ಮಾತ್ರ ಸ್ವೀಡನ್ನಿನ ಕೋಡ್‌ಬ್ರೂ ತಂಡದ ‘ಗ್ರಾವಿಟಿ ಡಿಫೈಡ್’. 2004ರ ಆ ಆಟ ಕೀಪ್ಯಾಡ್ ಮೊಬೈಲಿಗಾಗಿಯೇ ಮಾಡಿದ್ದು. ಬಿಳಿ ಪರದೆಯ ಮೇಲೆ ತೆಳ್ಳನೆಯ ಗೆರೆಗಳು, ಗೆರೆಗಳ ಮೇಲೊಂದು ಬೈಕು. ಬ್ಲೂಟೂತಿನಲ್ಲಿ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ದಾಟುತ್ತ ಅದು ತೀರ್ಥಹಳ್ಳಿ, ಸಾಗರ, ಹೊಸನಗರದ ಬಸ್ಸುಗಳಲ್ಲೆಲ್ಲ ಓಡಾಡಿದೆ. ಅಂದಿನ ಅನೇಕ ಜಾವಾ ಫೋನ್‌ಗಳಿಗೆ ದಶಮಾಂಶ ಸಂಖ್ಯೆಗಳ ಲೆಕ್ಕವೇ ಬರುತ್ತಿರಲಿಲ್ಲ. ಅಂಥ ಫೋನಿಗೆ ಆಟ ಬರೆಯುವವರು ಎಲ್ಲ ಅಳತೆಗಳನ್ನೂ ದೊಡ್ಡ ಪೂರ್ಣಾಂಕಗಳಾಗಿ ಮಾಡಿಕೊಂಡು, ಗುಣಿಸಿ, ಮತ್ತೆ ಭಾಗಿಸಿ ಕೆಲಸ ಸಾಗಿಸಬೇಕಿತ್ತು. ಅಷ್ಟು ಬಡ ಯಂತ್ರದಲ್ಲೂ ನ್ಯೂಟನ್ನನ ನಿಯಮಗಳು ಓಡುತ್ತಿದ್ದವು ಎಂಬುದು ನನಗೆ ಇಂದಿಗೂ ಬೆರಗು.

ಈ ಆಟಗಳೆಲ್ಲ ನಿಜವಾದ ಬೈಕಿನಿಂದ ದೊಡ್ಡದೊಂದು ಭಾಗವನ್ನು ತೆಗೆದುಹಾಕಿವೆ. ಬೈಕ್ ಎಡಕ್ಕೋ ಬಲಕ್ಕೋ ಬೀಳುವುದಿಲ್ಲ, ಹ್ಯಾಂಡಲ್ ತಿರುಗುವುದಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯನ್ನು ಇಂಥ ಆಟದೊಳಗೆ ತಂದರೆ 14 ತಿರುವುಗಳೂ ಮಾಯವಾಗಿ ಇಳಿಜಾರೊಂದೇ ಉಳಿಯುತ್ತದೆ. ಕೊಡಚಾದ್ರಿಗೆ ಜೀಪುಗಳು ಏರುವ ಕಚ್ಚಾ ದಾರಿ ಈ ಆಟಕ್ಕೆ ಹೆಚ್ಚು ಒಗ್ಗುತ್ತದೆ: ಕಲ್ಲು, ಕೊರಕಲು, ದಿಢೀರ್ ಏರು. ಬದಿಯ ಸಮತೋಲನವನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಮುಂದಕ್ಕೆ ಮುಗ್ಗರಿಸುವುದು ಮತ್ತು ಹಿಂದಕ್ಕೆ ಮಗುಚುವುದು ಎಂಬ ಎರಡೇ ಅಪಾಯ. ರಸ್ತೆಯಲ್ಲಿ ನಿತ್ಯ ಓಡಾಡುವ ಸವಾರರು ಈ ಎರಡರ ಬಗ್ಗೆ ಹೆಚ್ಚು ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಆಟವಾದರೋ ಅವುಗಳನ್ನೇ ಕಟ್ಟಕಡೆಯವರೆಗೆ ಎಳೆದು ನೋಡುತ್ತದೆ.

ಏರಿನಲ್ಲಿ ಏನಾಗುತ್ತದೆ

ಮಲೆನಾಡಿನಲ್ಲಿ ಮನೆಗಳು ರಸ್ತೆಯ ಮಟ್ಟದಲ್ಲಿರುವುದು ಅಪರೂಪ. ರಸ್ತೆಯಿಂದ ಅಂಗಳಕ್ಕೆ ಜಂಬಿಟ್ಟಿಗೆ ಮಣ್ಣಿನ ಕಡಿದಾದ ಏರು ಇರುತ್ತದೆ. ಬೈಕಿನ ಹಿಂದೆ ಅಡಿಕೆ ಮೂಟೆ ಕಟ್ಟಿಕೊಂಡು ಅಂಥ ಏರಿನಲ್ಲಿ ಆಕ್ಸಿಲರೇಟರ್ ಜೋರಾಗಿ ತಿರುಗಿಸಿದವರಿಗೆ ಮುಂದಿನ ಚಕ್ರ ಹಗುರವಾದ ಅನುಭವ ಗೊತ್ತು. ಆಟದ ಮೊದಲ ದಿಬ್ಬದಲ್ಲಿ ಮಗುಚಿ ಬೀಳುವುದಕ್ಕೂ ಅದೇ ಕಾರಣ. ಲೆಕ್ಕ ಹಾಕಿ ನೋಡೋಣ.

ಬೈಕ್ ಮತ್ತು ಸವಾರ ಸೇರಿದ ಗುರುತ್ವ ಕೇಂದ್ರವು ಹಿಂದಿನ ಚಕ್ರ ನೆಲ ಮುಟ್ಟುವ ಬಿಂದುವಿನಿಂದ 60 ಸೆಂಟಿಮೀಟರ್ ಮುಂದೆ, ನೆಲದಿಂದ 70 ಸೆಂಟಿಮೀಟರ್ ಮೇಲೆ ಇದೆ ಎಂದು ಇಟ್ಟುಕೊಳ್ಳಿ. ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಬೈಕನ್ನು ಮುಂದಕ್ಕೆ ತಳ್ಳುತ್ತದೆ. ಆದರೆ ಆ ತಳ್ಳು ಬೀಳುವುದು ಕೆಳಗೆ, ನೆಲದ ಮಟ್ಟದಲ್ಲಿ. ಮುಂದೆ ಸಾಗಬೇಕಾದ ತೂಕ ಇರುವುದು ಮೇಲೆ. ಕೆಳಗಿನಿಂದ ತಳ್ಳಿದಾಗ ಮೇಲಿನ ಭಾಗ ಹಿಂದೆ ಉಳಿಯಲು ನೋಡುತ್ತದೆ, ಹಾಗಾಗಿ ಬೈಕ್ ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಇದನ್ನು ತಡೆಯುವುದು ಮುಂದಿರುವ ತೂಕ. ತಕ್ಕಡಿಯ ಎರಡು ತಟ್ಟೆಗಳಂತೆ ಒಂದು ಕಡೆ ಎತ್ತರ ಮತ್ತು ವೇಗೋತ್ಕರ್ಷ (ವೇಗ ಹೆಚ್ಚುವ ದರ), ಇನ್ನೊಂದು ಕಡೆ ಮುಂದಿನ ದೂರ ಮತ್ತು ಗುರುತ್ವ. ಸಮತಟ್ಟಾದ ರಸ್ತೆಯಲ್ಲಿ ಇವೆರಡೂ ಸರಿದೂಗುವುದು ಸೆಕೆಂಡಿನ ವರ್ಗಕ್ಕೆ 8.4 ಮೀಟರ್ ವೇಗೋತ್ಕರ್ಷದಲ್ಲಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಮುಂದಿನ ಚಕ್ರ ಮೇಲೇಳುತ್ತದೆ. ಪತ್ರಿಕೆಗಳಲ್ಲಿ ವೀಲಿಂಗ್ ಎಂದು ಬರುವುದು ಇದೇ. ಗಮನಿಸಿ, ಈ ಲೆಕ್ಕದಲ್ಲಿ ಬೈಕಿನ ಒಟ್ಟು ತೂಕ ಎಲ್ಲಿಯೂ ಬರಲಿಲ್ಲ. ಬಂದದ್ದು ತೂಕ ಎಲ್ಲಿದೆ ಎಂಬುದು ಮಾತ್ರ.

ಈಗ ಏರು ಹತ್ತಿಸೋಣ. 20 ಡಿಗ್ರಿ ಏರಿನಲ್ಲಿ 8.4 ಇದ್ದ ಮಿತಿ 4.5ಕ್ಕೆ ಇಳಿಯುತ್ತದೆ. 30 ಡಿಗ್ರಿಯಲ್ಲಿ 2.4. ಸುಮಾರು 40 ಡಿಗ್ರಿಗೆ ಬಂದರೆ ಸೊನ್ನೆ. ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದರೂ ಗುರುತ್ವ ಕೇಂದ್ರ ಹಿಂದಿನ ಚಕ್ರದ ನೇರ ಮೇಲೆ ಬಂದು ನಿಂತಿರುತ್ತದೆ, ಇನ್ನೊಂದು ಡಿಗ್ರಿಗೆ ಬೈಕ್ ಮಗುಚುತ್ತದೆ. ಆಟಗಾರನ ಕೈ ಮಾತ್ರ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಏರು ಕಡಿದಾದಷ್ಟೂ ಹೆಚ್ಚು ಆಕ್ಸಿಲರೇಟರ್ ಬೇಕು ಎಂದು ಮನಸ್ಸು ಹೇಳುತ್ತದೆ. ಏರು ಕಡಿದಾದಷ್ಟೂ ಕಡಿಮೆ ತಡೆದುಕೊಳ್ಳಬಲ್ಲೆ ಎಂದು ಬೈಕ್ ಹೇಳುತ್ತದೆ. ಆದ್ದರಿಂದಲೇ ಪಳಗಿದವರು ದಿಬ್ಬಕ್ಕೆ ಬೇಕಾದ ವೇಗವನ್ನು ಬುಡದಲ್ಲಿಯೇ ಗಳಿಸಿಕೊಂಡು, ಏರಿನ ಮೇಲೆ ಆಕ್ಸಿಲರೇಟರನ್ನು ಸಣ್ಣಗೆ ಹಿಡಿಯುತ್ತಾರೆ.

ಇನ್ನೊಂದು ಉಪಾಯ ಮುಂದೆ ಬಾಗುವುದು. 120 ಕೆ.ಜಿ. ಬೈಕಿನ ಮೇಲೆ 70 ಕೆ.ಜಿ. ಸವಾರ 20 ಸೆಂಟಿಮೀಟರ್ ಮುಂದಕ್ಕೆ ಸರಿದರೆ ಒಟ್ಟು ಗುರುತ್ವ ಕೇಂದ್ರ 7 ಸೆಂಟಿಮೀಟರಿನಷ್ಟು ಮುಂದೆ ಹೋಗುತ್ತದೆ. ಕೇಳಲು ಅಲ್ಪ. ಆದರೆ 30 ಡಿಗ್ರಿ ಏರಿನಲ್ಲಿ 2.4 ಇದ್ದ ಮಿತಿ ಇದರಿಂದಲೇ 3.3 ಆಗುತ್ತದೆ, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಲಾಭ. ಅಡಿಕೆ ಮೂಟೆಯದು ಇದರ ವಿರುದ್ಧದ ಕಥೆ. 50 ಕೆ.ಜಿ. ಮೂಟೆ ಹಿಂದಿನ ಚಕ್ರಕ್ಕಿಂತ ತುಸು ಹಿಂದೆ, 90 ಸೆಂಟಿಮೀಟರ್ ಎತ್ತರದಲ್ಲಿ ಕೂತರೆ ಬೈಕ್ ತಾನಾಗಿ ಮಗುಚುವ ಕೋನ 40ರಿಂದ 31 ಡಿಗ್ರಿಗೆ ಕುಸಿಯುತ್ತದೆ. ನಮ್ಮ ಊರುಗಳ ಹಿರಿಯರು ಮೂಟೆಯನ್ನು ಸೀಟಿನ ಮೇಲೆ ಆದಷ್ಟು ಮುಂದಕ್ಕೆಳೆದು ಬಿಗಿಯುವುದು, ಏರಿನಲ್ಲಿ ಹ್ಯಾಂಡಲಿನ ಮೇಲೆ ಎದೆ ತಂದು ಕೂರುವುದು ಸುಮ್ಮನೆ ಅಲ್ಲ.

ಹಾಗಾದರೆ ಸದಾ ಮುಂದೆ ಬಾಗಿಯೇ ಇರಬಹುದಲ್ಲ? ಆಗುವುದಿಲ್ಲ. ಮುಂದೆ ಬಾಗಿದಷ್ಟೂ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಟೈರು ನೆಲವನ್ನು ಎಷ್ಟು ಗಟ್ಟಿಯಾಗಿ ಹಿಡಿಯಬಲ್ಲದು ಎಂಬುದಕ್ಕೆ ಮಿತಿ, ಆ ಟೈರಿನ ಮೇಲಿನ ಭಾರಕ್ಕೆ ಘರ್ಷಣಾಂಕವನ್ನು (ಟೈರು ಮತ್ತು ನೆಲ ಒಂದನ್ನೊಂದು ಎಷ್ಟು ಹಿಡಿಯುತ್ತವೆ ಎಂಬ ಅಂಕಿ) ಗುಣಿಸಿದಷ್ಟು. ಭಾರವಿಲ್ಲದ ಚಕ್ರ ಸುಮ್ಮನೆ ಸುತ್ತುತ್ತದೆ. ಜುಲೈ ತಿಂಗಳಿನಲ್ಲಿ ಪಾಚಿ ಕಟ್ಟಿದ ಜಂಬಿಟ್ಟಿಗೆಯ ಮೇಲೆ ನಿಂತ ಬೈಕನ್ನು ನೋಡಿ: ಎಂಜಿನ್ ಕೂಗುತ್ತದೆ, ಚಕ್ರ ಕೆಸರು ಎರಚುತ್ತದೆ, ಬೈಕ್ ಇದ್ದಲ್ಲೇ ಇರುತ್ತದೆ. ಘರ್ಷಣಾಂಕ 0.5 ಇದ್ದರೆ, ಇಡೀ ತೂಕವನ್ನು ಹಿಂದಿನ ಚಕ್ರದ ಮೇಲೆ ಹೇರಿದರೂ 26 ಡಿಗ್ರಿಗಿಂತ ಕಡಿದಾದ ಏರನ್ನು ನಿಂತಲ್ಲಿಂದ ಹೊರಟು ಹತ್ತಲಾಗದು. ಹಿಂದೆ ಬಾಗಿದರೆ ಮಗುಚುತ್ತದೆ, ಮುಂದೆ ಬಾಗಿದರೆ ಜಾರುತ್ತದೆ. ಕಠಿಣ ಹಂತಗಳ ದಿಬ್ಬಗಳಲ್ಲಿ ಈ ಎರಡರ ನಡುವಿನ ಜಾಗ ತೀರಾ ಕಿರಿದು. ಆಟಗಾರ ಬೆರಳು ಬಿಡುತ್ತ ಒತ್ತುತ್ತ ಆ ಜಾಗವನ್ನೇ ಹುಡುಕುತ್ತಿರುತ್ತಾನೆ. ಆಟಗಳಲ್ಲಿ ಟೈರಿನ ಹಿಡಿತವನ್ನು ನಿಜಕ್ಕಿಂತ ಹೆಚ್ಚು ಇಡುವುದು ವಾಡಿಕೆ. ಇಲ್ಲದಿದ್ದರೆ ಗೋಡೆಯಂಥ ದಿಬ್ಬಗಳನ್ನು ಏರುವ ಮಾತೇ ಇರುತ್ತಿರಲಿಲ್ಲ.

ಇಳಿಜಾರಿನಲ್ಲಿ ಇದೆಲ್ಲ ತಿರುವುಮುರುವು. ಅನೇಕ ಆಟಗಳಲ್ಲಿ ಒಂದೇ ಬ್ರೇಕ್ ಕೀಲಿ ಎರಡೂ ಚಕ್ರಗಳನ್ನು ಹಿಡಿಯುತ್ತದೆ, ಹಾಗಾಗಿ ಹಿಂದಕ್ಕೆ ಬಾಗದೆ ಬ್ರೇಕ್ ಒತ್ತಿದರೆ ಸವಾರ ಹ್ಯಾಂಡಲಿನ ಮೇಲಿಂದ ಹಾರುತ್ತಾನೆ.

ಗಾಳಿಯಲ್ಲಿ ತಿರುಗುವ ಗುಟ್ಟು

ತರಗತಿಯಲ್ಲಿ ಒಮ್ಮೆ ಹೊಸನಗರದ ಕಡೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: “ಸರ್, ಗಾಳಿಯಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲವಲ್ಲ. ಆಕ್ಸಿಲರೇಟರ್ ಒತ್ತಿದರೆ ಬೈಕಿನ ಮೂತಿ ಮೇಲೇಳುವುದಾದರೂ ಹೇಗೆ? ಆಟದವರು ಸುಮ್ಮನೆ ಸೇರಿಸಿದ್ದಾರೆಯೇ?” ಯಾರೂ ಸೇರಿಸಿದ್ದಲ್ಲ. ಈ ಆಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದು.

ನೆಲ ಬಿಟ್ಟ ಬೈಕಿನ ಮೇಲೆ ಗುರುತ್ವ ಬಿಟ್ಟರೆ ಲೆಕ್ಕಕ್ಕೆ ಬರುವಂಥ ಹೊರಗಿನ ಬಲವಿಲ್ಲ. ಗುರುತ್ವವು ಬೈಕನ್ನು ಕೆಳಗೆ ಎಳೆಯುತ್ತದೆ, ತಿರುಗಿಸುವುದಿಲ್ಲ. ಆದ್ದರಿಂದ ಬೈಕ್, ಚಕ್ರ, ಸವಾರ ಎಲ್ಲವೂ ಸೇರಿದ ಕೋನೀಯ ಸಂವೇಗ, ಅಂದರೆ ತಿರುಗುವಿಕೆಯ ಮೊತ್ತ, ನೆಲ ಬಿಟ್ಟ ಕ್ಷಣದಲ್ಲಿ ಎಷ್ಟಿತ್ತೋ ಇಳಿಯುವವರೆಗೂ ಅಷ್ಟೇ ಇರಬೇಕು. ಒಟ್ಟು ಮೊತ್ತ ಬದಲಾಗದು; ಒಳಗೊಳಗೆ ಹಂಚಿಕೆ ಬದಲಾಗಬಹುದು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಹಿಂದಿನ ಚಕ್ರವನ್ನು ಮುಂದಿನ ದಿಕ್ಕಿಗೆ ಇನ್ನಷ್ಟು ಜೋರಾಗಿ ಸುತ್ತಿಸುತ್ತದೆ. ಚಕ್ರಕ್ಕೆ ಸಿಕ್ಕಷ್ಟು ಸಂವೇಗವನ್ನು ಬೈಕಿನ ಒಡಲು ಎದುರು ದಿಕ್ಕಿನಲ್ಲಿ ತೆರಬೇಕು, ಹಾಗಾಗಿ ಮೂತಿ ಮೇಲೇಳುತ್ತದೆ. ಬ್ರೇಕ್ ಒತ್ತಿದರೆ ಸುತ್ತುತ್ತಿದ್ದ ಚಕ್ರ ನಿಲ್ಲುತ್ತದೆ. ಅದರಲ್ಲಿದ್ದ ಸಂವೇಗ ಒಡಲಿಗೆ ಬಂದು ಮೂತಿ ಕೆಳಗಿಳಿಯುತ್ತದೆ. ನಿಜವಾದ ಮೋಟೊಕ್ರಾಸ್ ಸವಾರರು ಜಿಗಿತದ ನಡುವೆ ಮಾಡುವುದೂ ಇದನ್ನೇ.

ಎಷ್ಟು ತಿರುಗಬಹುದು? ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಎಂದರೆ, ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಹತ್ತಕ್ಕಿಂತ ತುಸು ಹೆಚ್ಚು ಸುತ್ತು ಹಾಕುತ್ತಿರುತ್ತದೆ. ಒಡಲು ಮತ್ತು ಸವಾರರ ಜಡತ್ವ ಭ್ರಮಣಾಂಕ (ತಿರುಗಿಸಲು ಎಷ್ಟು ಕಷ್ಟ ಎಂಬ ಅಳತೆ) ಚಕ್ರದ್ದಕ್ಕಿಂತ 50 ಪಟ್ಟು ಹೆಚ್ಚು ಎಂದು ಊಹಿಸಿದರೆ, ಒಂದು ಚಕ್ರವನ್ನು ಥಟ್ಟನೆ ನಿಲ್ಲಿಸಿದಾಗ ಒಡಲಿಗೆ ಸೆಕೆಂಡಿಗೆ ಐದನೇ ಒಂದು ಸುತ್ತು, ಅಂದರೆ 72 ಡಿಗ್ರಿ ವೇಗ ಬರುತ್ತದೆ. ಎರಡು ಮೀಟರ್ ಎತ್ತರದ ಧರೆಯಿಂದ ಕೆಳಗೆ ಬೀಳಲು ಬೇಕಾಗುವ ಸಮಯ 0.64 ಸೆಕೆಂಡ್. ಅಷ್ಟರಲ್ಲಿ ಮೂತಿ 46 ಡಿಗ್ರಿ ಇಳಿದಿರುತ್ತದೆ. ಅಡ್ಡಾದಿಡ್ಡಿ ಹಾರಿದ ಬೈಕನ್ನು ಸರಿಪಡಿಸಲು ಅಷ್ಟು ಧಾರಾಳವಾಗಿ ಸಾಕು.

ಇದರಲ್ಲಿಯೇ ಹೊಸಬರಿಗೆ ಕಾಣದ ಒಂದು ಸೂಕ್ಷ್ಮವಿದೆ. ಮೂತಿ ಏಳುವುದು ಚಕ್ರದ ವೇಗ ಹೆಚ್ಚುತ್ತಿರುವಾಗ ಮಾತ್ರ. ಎಂಜಿನ್ ತನ್ನ ಗರಿಷ್ಠ ಸುತ್ತು ಮುಟ್ಟಿದ ಮೇಲೆ ಆಕ್ಸಿಲರೇಟರನ್ನು ಎಷ್ಟು ಒತ್ತಿ ಹಿಡಿದರೂ ಒಡಲಿಗೆ ಹೊಸ ತಿರುಗುವಿಕೆ ಸಿಗುವುದಿಲ್ಲ. ಪೂರ್ತಿ ಆಕ್ಸಿಲರೇಟರಿನಲ್ಲಿ ನೆಲ ಬಿಟ್ಟವನ ಬಳಿ ಬ್ರೇಕ್ ಉಳಿದಿದೆ, ಆಕ್ಸಿಲರೇಟರ್ ಖರ್ಚಾಗಿದೆ. ಹಾರುವ ಮುನ್ನ ತುಸು ಬಿಟ್ಟು ಹಾರಿದವನ ಬಳಿ ಎರಡೂ ಉಳಿದಿವೆ. ನುರಿತವರು ದಿಬ್ಬದ ತುದಿಯಲ್ಲಿ ಬೆರಳು ಸಡಿಲಿಸುವುದರ ಹಿಂದಿನ ಒಂದು ಲೆಕ್ಕ ಇದು.

ಬಾಗುವ ಕೀಲಿಗಳ ವಿಷಯದಲ್ಲಿ ಆಟಗಳು ಎರಡು ದಾರಿ ಹಿಡಿಯುತ್ತವೆ. ಕೆಲವು ಆಟಗಳಲ್ಲಿ ಸವಾರ ನಿಜವಾಗಿಯೂ ಬೇರೆ ತೂಕ. ಅವನು ಮುಂದೆ ಸರಿದರೆ ಬೈಕ್ ಹಿಂದೆ ಸರಿಯುತ್ತದೆ, ಅವನು ಮೊದಲಿನ ಸ್ಥಿತಿಗೆ ಬಂದರೆ ಬೈಕೂ ಬರುತ್ತದೆ. ಇನ್ನು ಕೆಲವು ಆಟಗಳು ಕೀಲಿ ಒತ್ತಿದಾಗ ಒಡಲಿಗೆ ನೇರವಾಗಿ ತಿರುಚು ಕೊಟ್ಟುಬಿಡುತ್ತವೆ. ಎಲಾಸ್ಟೊ ಮೇನಿಯಾದಲ್ಲಿ ಸವಾರ ಕೈ ಬೀಸಿದಂತೆ ಕಾಣುತ್ತದೆ, ಇಡೀ ಬೈಕಿಗೆ ತಿರುಗುವ ತಳ್ಳು ಸಿಗುತ್ತದೆ. ಕೋನೀಯ ಸಂವೇಗ ಬದಲಾಗದೆಂಬ ಸಂರಕ್ಷಣೆಯ ನಿಯಮವನ್ನು ಆಟ ಬೇಕೆಂದೇ ಮುರಿದ ಜಾಗ ಅದು, ಮತ್ತು ಮುರಿದದ್ದು ಸರಿ. ಪೂರ್ತಿ ಪ್ರಾಮಾಣಿಕ ಭೌತಶಾಸ್ತ್ರದಲ್ಲಿ ಗಾಳಿಯಲ್ಲಿ ಆಟಗಾರನ ಕೈಗೆ ಉಳಿಯುವುದು ತೀರಾ ಕಡಿಮೆ.

ನೆಲ ಮುಟ್ಟುವಾಗ

ಎರಡು ಮೀಟರ್ ಬಿದ್ದ ಬೈಕ್ ಸೆಕೆಂಡಿಗೆ 6.3 ಮೀಟರ್ ವೇಗದಲ್ಲಿ ಕೆಳಗಿಳಿಯುತ್ತಿರುತ್ತದೆ. ಸಮತಟ್ಟು ನೆಲಕ್ಕೆ ಬಿದ್ದರೆ ಆ ವೇಗವನ್ನೆಲ್ಲ ಶಾಕ್ ಅಬ್ಸಾರ್ಬರ್ ನುಂಗಬೇಕು. 30 ಸೆಂಟಿಮೀಟರ್ ಅದುಮುವಷ್ಟರಲ್ಲಿ ನಿಲ್ಲಿಸುವುದಾದರೆ ಸರಾಸರಿ ಗುರುತ್ವದ ಆರೂವರೆ ಪಟ್ಟಿಗಿಂತ ಹೆಚ್ಚು ದರದಲ್ಲಿ ವೇಗವನ್ನು ತಗ್ಗಿಸಬೇಕಾಗುತ್ತದೆ. ಅದುಮಿದ ಸ್ಪ್ರಿಂಗ್ ಮತ್ತೆ ಚಿಮ್ಮುತ್ತದೆ; ಬೈಕ್ ಪುಟಿದು ತಲೆಕೆಳಗಾಗುವುದು ಆಗಲೇ. ಅದೇ ಬೈಕ್ ಸೆಕೆಂಡಿಗೆ 10 ಮೀಟರ್ ಮುಂದಕ್ಕೆ ಹೋಗುತ್ತಿದ್ದು, 30 ಡಿಗ್ರಿ ಇಳಿಜಾರಿನ ಮೇಲೆ ಇಳಿದರೆ? ನೆಲಕ್ಕೆ ಲಂಬವಾಗಿ ಬಡಿಯುವ ವೇಗ ಸೆಕೆಂಡಿಗೆ ಅರ್ಧ ಮೀಟರ್ ಕೂಡ ಇರುವುದಿಲ್ಲ. ಬೈಕ್ ಬೀಳುತ್ತಿರುವ ದಾರಿಯೇ 32 ಡಿಗ್ರಿಯಷ್ಟು ವಾಲಿದೆ, ನೆಲವೂ ಹೆಚ್ಚುಕಡಿಮೆ ಅಷ್ಟೇ ವಾಲಿದೆ. ಬಡಿತವಿಲ್ಲದೆ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಆದ್ದರಿಂದ ಎಷ್ಟು ಎತ್ತರದಿಂದ ಬಿದ್ದೆ ಎಂಬುದಕ್ಕಿಂತ ಎಲ್ಲಿ ಇಳಿಯುತ್ತೇನೆ ಎಂಬುದು ದೊಡ್ಡದು. ಬಲ್ಲವರು ದಿಬ್ಬದಿಂದ ಹಾರುವ ವೇಗವನ್ನು ಆಚೆಯ ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂದು ನೋಡಿಯೇ ಹಿಡಿಯುತ್ತಾರೆ.

ಜೊತೆಗೆ ಚಕ್ರದ ಸುತ್ತು ನೆಲದ ವೇಗಕ್ಕೆ ಹೊಂದಿರಬೇಕು. ಗಾಳಿಯಲ್ಲಿ ಜೋರಾಗಿ ಸುತ್ತಿಸಿದ ಚಕ್ರ ನೆಲ ಮುಟ್ಟಿದೊಡನೆ ಕಚ್ಚಿಕೊಂಡು ಬೈಕನ್ನು ಮುಂದಕ್ಕೆ ಎಸೆಯುತ್ತದೆ, ಮೂತಿ ಏಳುತ್ತದೆ. ಇಳಿದದ್ದು ಸರಿಯಾಗಿಯೇ ಇದ್ದರೂ ಒಂದು ಗಳಿಗೆಯ ನಂತರ ಮಗುಚುವುದು ಈ ಕಾರಣಕ್ಕೆ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಪರದೆಯ ಮೇಲಿನ ಸವಾರ ಬಿದ್ದ ತಕ್ಷಣ ಒಂದು ಗುಂಡಿ ಒತ್ತಿದರೆ ಹಿಂದಿನ ನಿಲುಗಡೆಯಿಂದ ಮತ್ತೆ ಹೊರಡುತ್ತಾನೆ. ನಮ್ಮ ಘಾಟಿ ರಸ್ತೆಗಳಲ್ಲಿ ಅಂಥ ಗುಂಡಿಯಿಲ್ಲ. ಮೇಲಿನ ಯಾವ ಲೆಕ್ಕವನ್ನೂ ಸಾರ್ವಜನಿಕ ರಸ್ತೆಯಲ್ಲಿ ಪರೀಕ್ಷಿಸಬೇಡಿ. ವೀಲಿಂಗ್ ಅಪರಾಧ, ಅದಕ್ಕಿಂತ ಮುಖ್ಯವಾಗಿ ಪ್ರಾಣಕ್ಕೆ ಎರವು.

ಗಣಕದೊಳಗೆ ಕಾಲ ತುಂಡಾಗುವುದು

ನಿಜ ಜಗತ್ತಿನಲ್ಲಿ ಕಾಲ ಎಡೆಬಿಡದೆ ಹರಿಯುತ್ತದೆ. ಗಣಕಕ್ಕೆ ಅದು ಸಾಧ್ಯವಿಲ್ಲ. ಅದು ಸೆಕೆಂಡನ್ನು 60 ತುಂಡೋ ಅದಕ್ಕಿಂತ ಹೆಚ್ಚೋ ಮಾಡಿಕೊಂಡು, ಪ್ರತಿ ತುಂಡಿನಲ್ಲೂ ಬಲಗಳನ್ನು ಕೂಡಿ, ವೇಗವನ್ನು ಬದಲಿಸಿ, ಸ್ಥಾನವನ್ನು ಸರಿಸುತ್ತದೆ. ಕಾಲದ ಈ ಒಂದೊಂದು ತುಂಡನ್ನೂ ಮೆಟ್ಟಿಲು ಎನ್ನೋಣ. ಎರಡು ಮೆಟ್ಟಿಲುಗಳ ನಡುವೆ ಏನಾಯಿತು ಎಂಬುದು ಗಣಕಕ್ಕೆ ಗೊತ್ತಿಲ್ಲ. ಸೆಕೆಂಡಿಗೆ 20 ಮೀಟರ್ ವೇಗದ ಬೈಕ್ ಒಂದು ಮೆಟ್ಟಿಲಿನಲ್ಲಿ 33 ಸೆಂಟಿಮೀಟರ್ ಸಾಗುತ್ತದೆ. ದಾರಿಯಲ್ಲಿ ನಮ್ಮ ಕಾಲುಸಂಕದ ಅಡಿಕೆ ದಬ್ಬೆಯಂಥ ತೆಳು ಹಲಗೆಯಿದ್ದರೆ ಬೈಕಿನ ಸಣ್ಣದೊಂದು ಭಾಗ ಒಂದು ಮೆಟ್ಟಿಲಿನಲ್ಲಿ ಅದರ ಮೇಲಿರುತ್ತದೆ, ಮುಂದಿನ ಮೆಟ್ಟಿಲಿಗೆ ಅದರ ಕೆಳಗಿರುತ್ತದೆ. ತಾಗಿದ್ದೇ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ತಪ್ಪಿಸಲು ಮೆಟ್ಟಿಲುಗಳನ್ನು ಇನ್ನಷ್ಟು ಸಣ್ಣದು ಮಾಡಬೇಕು, ಇಲ್ಲವೇ ಎರಡು ಸ್ಥಾನಗಳ ನಡುವಿನ ಇಡೀ ದಾರಿಯನ್ನು ಹಲಗೆಯೊಂದಿಗೆ ಹೋಲಿಸಿ ನೋಡಬೇಕು.

ಇದಕ್ಕಿಂತ ಸ್ವಾರಸ್ಯ ಸ್ಪ್ರಿಂಗಿನದು. ಒಂದು ಸ್ಪ್ರಿಂಗನ್ನು 1 ಸೆಂಟಿಮೀಟರ್ ಎಳೆದು ಬಿಟ್ಟಿದ್ದೇವೆ. ವೇಗೋತ್ಕರ್ಷವು ಎಳೆತದ 100 ಪಟ್ಟು, ವಿರುದ್ಧ ದಿಕ್ಕಿನಲ್ಲಿ. ಮೆಟ್ಟಿಲು 0.1 ಸೆಕೆಂಡ್. ಹಳೆಯ ವೇಗದಿಂದ ಸ್ಥಾನವನ್ನು, ಹಳೆಯ ಸ್ಥಾನದಿಂದ ವೇಗವನ್ನು ಲೆಕ್ಕ ಹಾಕುವ ಸರಳ ವಿಧಾನದಲ್ಲಿ ಸ್ಥಾನ ಹೀಗೆ ಬರುತ್ತದೆ: 1, 1, 0, −2, −4, −4, 0, 8. ಒಂದು ಸೆಂಟಿಮೀಟರ್ ಎಳೆದ ಸ್ಪ್ರಿಂಗ್ ಎಂಟು ಸೆಂಟಿಮೀಟರ್ ಹಾರುತ್ತಿದೆ! ಪ್ರತಿ ಮೆಟ್ಟಿಲಿನಲ್ಲೂ ಶಕ್ತಿ ಇಮ್ಮಡಿಯಾಗುತ್ತಿದೆ. ಯಾರೂ ಕೊಡದ ಶಕ್ತಿ. ಈ ಲೆಕ್ಕದ ಮೇಲೆ ಬೈಕ್ ನಿಲ್ಲಿಸಿದರೆ ಅದು ನಡುಗಿ ನಡುಗಿ ಆಕಾಶಕ್ಕೆ ಹಾರುತ್ತದೆ.

ಈಗ ಒಂದೇ ಬದಲಾವಣೆ: ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದ ಸ್ಥಾನವನ್ನು ಸರಿಸಿ. ಆಗ ಬರುವ ಸ್ಥಾನಗಳು 1, 0, −1, −1, 0, 1, 1. ಸ್ಪ್ರಿಂಗ್ ಹದವಾಗಿ ತೂಗುತ್ತದೆ. ಆರು ಮೆಟ್ಟಿಲಿಗೆ ಒಂದು ಆವರ್ತನೆ. ನಿಜವಾದ ಉತ್ತರ 6.28 ಮೆಟ್ಟಿಲು. ಪ್ರೋಗ್ರಾಮಿನಲ್ಲಿ ಎರಡು ಸಾಲುಗಳು ಮೇಲೆ ಕೆಳಗೆ ಆದವು, ಅಷ್ಟೇ. ಕಾಗದದ ಮೇಲೆ ಪೆನ್ನಿನಲ್ಲಿ ಮಾಡಿ ನೋಡಿ, ಐದು ನಿಮಿಷದ ಕೆಲಸ. ಎರಿನ್ ಕ್ಯಾಟೊ ಬರೆದು 2007ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ಬಾಕ್ಸ್‌2ಡಿ ಎಂಬ ಪ್ರಸಿದ್ಧ ತಂತ್ರಾಂಶ ನಂಬಿರುವುದು ಇದೇ ಕ್ರಮವನ್ನು. ‘ಆ್ಯಂಗ್ರಿ ಬರ್ಡ್ಸ್’ ಓಡಿದ್ದು ಅದರ ಮೇಲೆಯೇ.

ಅದೇ ದಿಬ್ಬ, ಬೇರೆ ಫಲಿತಾಂಶ

‘ಅದೇ ರೀತಿ ಮಾಡಿದೆ, ಆದರೂ ಬಿದ್ದೆ’ ಎಂಬ ದೂರಿಗೆ ಈಗ ಉತ್ತರ ಹೇಳಬಹುದು. ಅದೇ ರೀತಿ ಮಾಡಿರಲಿಲ್ಲ. ಗಣಕದ ಲೆಕ್ಕದಲ್ಲಿ ಅದೃಷ್ಟಕ್ಕೆ ಜಾಗವಿಲ್ಲ: ಮೆಟ್ಟಿಲಿನ ಅಳತೆ ಬದಲಾಗದಂತೆ ನೋಡಿಕೊಂಡರೆ, ಅದೇ ಯಂತ್ರದಲ್ಲಿ ಅದೇ ಕೀಲಿಗಳನ್ನು ಅದೇ ಮೆಟ್ಟಿಲುಗಳಲ್ಲಿ ಒತ್ತಿದಾಗ ಬೈಕ್ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ದಾರಿಯಲ್ಲಿ ಹೋಗುತ್ತದೆ. ಹಾಗಾಗಿಯೇ ಇಂಥ ಆಟವೊಂದು ಇಡೀ ಓಟವನ್ನು ಮತ್ತೆ ತೋರಿಸಲು ಯಾವ ಕೀಲಿ ಯಾವಾಗ ಒತ್ತಲ್ಪಟ್ಟಿತು ಎಂಬ ಪಟ್ಟಿಯನ್ನಷ್ಟೇ ಉಳಿಸಿಕೊಂಡರೂ ಸಾಕಾಗುತ್ತದೆ. ಮನುಷ್ಯನ ಬೆರಳು ಮಾತ್ರ ಅಷ್ಟು ಕರಾರುವಾಕ್ಕಲ್ಲ. ಅರವತ್ತನೇ ಒಂದು ಸೆಕೆಂಡ್ ತಡವಾಗಿ ಬಿಟ್ಟ ಆಕ್ಸಿಲರೇಟರ್ ನೆಲ ಬಿಡುವ ಕೋನವನ್ನು ತುಸುವೇ ಬದಲಿಸುತ್ತದೆ. ಆ ತುಸು ಕೋನ ಇಳಿಯುವ ಜಾಗವನ್ನು ಒಂದು ಗೇಣು ಸರಿಸುತ್ತದೆ. ಆ ಒಂದು ಗೇಣು ಮುಂದಿನ ಚಕ್ರ ಇಳಿಜಾರಿಗೆ ತಾಗಬೇಕೋ ಅದರ ಅಂಚಿಗೆ ತಾಗಬೇಕೋ ಎಂಬುದನ್ನು ತೀರ್ಮಾನಿಸುತ್ತದೆ. ಅಂಚಿಗೆ ತಾಗಿದರೆ ಕಥೆಯೇ ಬೇರೆ. ಸಣ್ಣ ವ್ಯತ್ಯಾಸ ಪ್ರತಿ ಬಡಿತದಲ್ಲೂ ಬೆಳೆಯುತ್ತ ಹೋಗುವುದರಿಂದ ಉದ್ದನೆಯ ಹಂತದ ಕೊನೆಯ ದಿಬ್ಬ ಯಾವಾಗಲೂ ಅನಿರೀಕ್ಷಿತವಾಗಿಯೇ ಎದುರಾಗುತ್ತದೆ. ಎಲಾಸ್ಟೊ ಮೇನಿಯಾದ ದಾಖಲೆಗಳನ್ನು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಟ್ರಯಲ್ಸ್ ಎಚ್‌ಡಿಯ ಒಂದು ಹಂತದಲ್ಲಿ 500 ಸಲ ಬೀಳುವವರೆಗೆ ಅಥವಾ 30 ನಿಮಿಷ ಮುಗಿಯುವವರೆಗೆ ಅವಕಾಶ. ಅಷ್ಟು ಧಾರಾಳವಾಗಿ ಬೀಳಲು ಬಿಡುವ ಆಟ ಬೇರೆ ಕಡಿಮೆ.

ಬಿದ್ದ ತಕ್ಷಣ ಮತ್ತೆ ಶುರುವಾಗುವುದು ಇಲ್ಲಿ ಬರಿಯ ಸೌಕರ್ಯವಲ್ಲ. ಒಂದೇ ದಿಬ್ಬವನ್ನು ನಿಮಿಷಕ್ಕೆ ಹತ್ತಾರು ಸಲ ಏರಿದಾಗ ಪ್ರತಿ ಸಲದ ಸಣ್ಣ ವ್ಯತ್ಯಾಸವನ್ನೂ ಅದರ ಫಲವನ್ನೂ ಬೆರಳು ಅಕ್ಕಪಕ್ಕ ಇಟ್ಟು ನೋಡುತ್ತದೆ. ನಡುವೆ ಅರ್ಧ ನಿಮಿಷ ಕಾಯಬೇಕಾಗಿದ್ದರೆ ಆ ಹೋಲಿಕೆ ಮರೆತುಹೋಗುತ್ತಿತ್ತು.

ಇಂಥ ಆಟವನ್ನು ತಾವೇ ಬರೆಯುವ ಉತ್ಸಾಹ ಇರುವ ವಿದ್ಯಾರ್ಥಿಗಳಿಗೆ ನಾನು ಹೇಳುವ ಕ್ರಮ ಹೀಗೆ. ಮೊದಲು ಬೈಕ್ ಬೇಡ. ಸ್ಪ್ರಿಂಗಿನ ತುದಿಯಲ್ಲಿ ಒಂದು ತೂಕ ಕಟ್ಟಿ, ಮೇಲಿನ ಅಂಕಿಗಳು ಬರುತ್ತವೆಯೇ ನೋಡಿ. ಆಮೇಲೆ ಆ ತೂಕವನ್ನು ಚಕ್ರ ಮಾಡಿ, ನೆಲಕ್ಕೊಂದು ಓರೆ ಗೆರೆ ಎಳೆದು ಉರುಳಿಸಿ. ಘರ್ಷಣಾಂಕವನ್ನು ಏರಿಸಿ ಇಳಿಸಿ ಚಕ್ರ ಯಾವಾಗ ಉರುಳುತ್ತದೆ, ಯಾವಾಗ ಜಾರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಎರಡನೆಯ ಚಕ್ರ, ಎರಡಕ್ಕೂ ನಡುವೆ ಒಡಲು, ಹಿಂದಿನ ಚಕ್ರಕ್ಕೆ ತಿರುಚು. ಇಷ್ಟಾದ ಮೇಲೆ, ಗುರುತ್ವ ಕೇಂದ್ರವನ್ನು ಮೇಲಿನ ಲೆಕ್ಕದಲ್ಲಿದ್ದ ಜಾಗದಲ್ಲೇ ಇಟ್ಟು, 40 ಡಿಗ್ರಿಗಿಂತ ತುಸು ಹೆಚ್ಚು ಕಡಿದಾದ ಏರಿನಲ್ಲಿ ನಿಲ್ಲಿಸಿ ನೋಡಿ: ಯಾರೂ ಹೇಳಿಕೊಡದೆ ಬೈಕ್ ಮಗುಚಿದರೆ ಲೆಕ್ಕ ಸರಿಯಾಗಿದೆ. ಸವಾರನನ್ನು ಎಲ್ಲಕ್ಕಿಂತ ಕೊನೆಗೆ ಸೇರಿಸಿ. ಕೈಕಾಲುಗಳ ಕೀಲುಗಳಿಗೆ ಮೊದಲೇ ಕೈ ಹಾಕಿದರೆ ತಿಂಗಳುಗಟ್ಟಲೆ ಅದರಲ್ಲೇ ಸಿಕ್ಕಿಬೀಳುತ್ತೀರಿ. ಆರಂಭಕ್ಕೆ ಒಡಲಿನ ಮೇಲೆ ಒಂದು ವೃತ್ತ ಕೂರಿಸಿ, ಅದು ನೆಲಕ್ಕೆ ತಾಗಿದರೆ ಆಟ ಮುಗಿಯಿತು ಎಂದು ಬರೆಯಿರಿ. ಎಲಾಸ್ಟೊ ಮೇನಿಯಾದ ತಲೆಗಿದ್ದ ನಿಯಮವೂ ಅದೇ.